ದುರಸ್ತಿಯಾಗಿರುವ ಪೆಡಲನ್ನು ಯಥಾಪ್ರಕಾರ ಕೆಡಿಸಿಕೊಡುವ ಕುರಿತು

ವಸತಿ ಸಹಕಾರಿ ಸಂಘ, ಸಾಮಾನ್ಯ ಕೊಠಡಿಗಳ ವಿಭಾಗ
ಮಾಂಟೆವಿಡಿಯೊ

ಸುತ್ತೋಲೆ ಸಂಖ್ಯೆ: ಸಾಕೊವಿ/ಹ.ಬ.ಕೋ./ಪೆಡಲ್/17-ಬಿ
ದಿನಾಂಕ: ಸೆಪ್ಟೆಂಬರ್ 6, ಶನಿವಾರ

ವಿಷಯ: ಮನೆ ಸಂಖ್ಯೆ 31ರ ಪೆಡಲಿನಿಂದ ನಿವಾರಿಸಲಾದ ದೋಷವನ್ನು ಮಾಲೀಕರಿಗೆ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ:
1) ಶ್ರೀಮತಿ ಗ್ಲಾದಿಸ್ ಪಿರಿಸ್, ಮನೆ ಸಂಖ್ಯೆ 31, ಇವರ ಮೌಖಿಕ ದೂರು.
2) ಶ್ರೀ ವಿಲ್ಮಾರ್ ಎಚೆಗರಾಯ್, ಮನೆ ಸಂಖ್ಯೆ 12, ಇವರು ಬೇಕರಿಯ ಕಾಗದದ ಮೇಲೆ ಬರೆದುಕೊಟ್ಟ ಸಮಜಾಯಿಷಿ (ಬೆಣ್ಣೆಯ ಕಲೆ ಇರುವ ಭಾಗ ಓದಲಾಗಿಲ್ಲ).
3) ಸರ್ವಸದಸ್ಯರ ಸಭೆಯ ನಿರ್ಣಯ. ಪರ 41, ವಿರೋಧ 3. ಉಳಿದವರು ಫುಟ್‌ಬಾಲ್ ನೋಡಲು ಹೋಗಿದ್ದರು.

ಪ್ರಸ್ತಾವನೆ:

ಸಂಘದ ಹಳೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಏಳರವರೆಗೆ ಗಿಟಾರ್ ಪೆಡಲುಗಳನ್ನು, ಅಂದರೆ ಕಾಲಿನಿಂದ ಒತ್ತಿದೊಡನೆ ಗಿಟಾರಿನ ದನಿಯನ್ನು ಒರಟಾಗಿಸುವ ಅಥವಾ ನಡುಗಿಸುವ ಡಬ್ಬಿಗಳನ್ನು, ತಯಾರಿಸಲು ಮತ್ತು ದುರಸ್ತಿ ಮಾಡಲು ಹದಿನೇಳು ಮಂದಿ ಹವ್ಯಾಸಿ ಸದಸ್ಯರಿಗೆ ಅನುಮತಿ ನೀಡಲಾಗಿದೆ. ಇದುವರೆಗೆ ಇವರ ವಿರುದ್ಧ ಬಂದ ದೂರುಗಳೆಲ್ಲವೂ ಸದ್ದಿಗೆ ಸಂಬಂಧಿಸಿದವು. ಸದ್ದು ನಿಂತುಹೋಗಿದೆ ಎಂಬ ದೂರು ಇದೇ ಮೊದಲು.

ಸಿಟಿ ಬಸ್ಸಿನ ಕಂಡಕ್ಟರ್ ಆಗಿರುವ ಶ್ರೀಮತಿ ಪಿರಿಸ್ ಅವರು ಜುಲೈ 26ರಂದು ತಮ್ಮ ಪೆಡಲಿನ ಗುಂಡಿ ಸಡಿಲವಾಗಿದೆಯೆಂದು ತಂದುಕೊಟ್ಟರು. ಅದು ಅವರ ತಮ್ಮ ಶ್ರೀ ನೆರಿ ಪಿರಿಸ್ ಅವರು ಹರೆಯದಲ್ಲಿ ಹಣ್ಣಿನ ಹಲ್ವದ ಖಾಲಿ ತಗಡಿನ ಡಬ್ಬಿಯಲ್ಲಿ ಮಾಡಿದ್ದು. ಗುಂಡಿ ಬಿಗಿ ಮಾಡಲು ನಾಲ್ಕು ನಿಮಿಷ ಸಾಕಿತ್ತು. ಶ್ರೀ ಎಚೆಗರಾಯ್ ಅವರು ನಾಲ್ಕು ಗಂಟೆ ತೆಗೆದುಕೊಂಡರು. ಅವರ ಸಮಜಾಯಿಷಿಯ ಓದಬಹುದಾದ ಭಾಗ ಹೀಗಿದೆ: "ಹೇಗೂ ಬಿಚ್ಚಿದ್ದಾಯ್ತಲ್ಲ ಅಂತ ಒಳಗೆ ನೋಡಿದೆ. ದೇವರೇ, ಏನು ಕೆಲಸ ಅದು! ಒಂದು ಬೆಸುಗೆ ಅರೆಬೆಂದ ಅನ್ನದ ಥರ. ಅದನ್ನ ತೆಗೆದು ನೀಟಾಗಿ ಹಾಕಿದೆ, ಗುಂಯ್‌ಗುಟ್ಟದೇ ಇರ್ಲಿ ಅಂತ ಒಂದು ಕೆಪಾಸಿಟರ್ ಕೂರಿಸಿದೆ, ಡಬ್ಬಿ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಈಗ ಮಗು ಮಲಗಿದ ಹಾಗಿದೆ. ಥ್ಯಾಂಕ್ಸ್ ಹೇಳ್ತಾರೆ ಅಂದ್ಕೊಂಡಿದ್ದೆ."

ಥ್ಯಾಂಕ್ಸ್ ಹೇಳಲಾಗಿಲ್ಲ. ಸದರಿ ಪೆಡಲು ದುರಸ್ತಿಗೆ ಮುನ್ನ, ಗಿಟಾರ್ ನುಡಿಸುವುದನ್ನು ನಿಲ್ಲಿಸಿ ಕಾಲಿನಿಂದ ಒತ್ತಿಟ್ಟಲ್ಲಿ, ತಾನಾಗಿಯೇ ಸರಾಂದಿ ಗ್ರಾಂದೆ ಊರಿನ ರೇಡಿಯೊವನ್ನು ಹಿಡಿಯುತ್ತಿತ್ತು. ಆ ರೇಡಿಯೊದಲ್ಲಿ ಪ್ರತಿದಿನ ಸಂಜೆ ಐದಕ್ಕೆ ಕಳೆದುಹೋದ ಹಸು, ಬಸ್ಸಿನಲ್ಲಿ ಕಳಿಸಿದ ಗಂಟು, ಗುರುವಾರ ಬಾರದ ವೈದ್ಯರು ಮುಂತಾದ ಪ್ರಕಟಣೆಗಳನ್ನು ಓದುವವರು ಅದೇ ಶ್ರೀ ನೆರಿ ಪಿರಿಸ್. ಅಕ್ಕ ತಮ್ಮ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿದೆ. ಕಾರಣವನ್ನು ವಿಭಾಗವು ವಿಚಾರಿಸಿದಾಗ ಶ್ರೀಮತಿ ಪಿರಿಸ್ ಅವರು ಫ್ಲಾಸ್ಕಿನಿಂದ ಬಿಸಿನೀರು ಸುರಿದುಕೊಂಡು ಮಾಟೆ ಎಂಬ ಎಲೆಯ ಕಷಾಯ ಹೀರುತ್ತ ಕೂತರು. ಮೌನದ ಅವಧಿಯನ್ನು ಕಡತದಲ್ಲಿ "ಒಂದು ಫ್ಲಾಸ್ಕು ಬಿಸಿನೀರು" ಎಂದು ನಮೂದಿಸಲಾಗಿದೆ.

ಒಂದು ರೇಡಿಯೊ ಕೊಂಡುಕೊಳ್ಳಬಾರದೇ ಎಂದು ಶ್ರೀ ಎಚೆಗರಾಯ್ ಅವರು ಕೇಳಿದ್ದಕ್ಕೆ ಶ್ರೀಮತಿ ಪಿರಿಸ್ ನೀಡಿದ ಉತ್ತರವನ್ನು ಅವರ ಮಾತಿನಲ್ಲೇ ದಾಖಲಿಸಲಾಗಿದೆ: "ರೇಡಿಯೊ ಹಾಕಿದ್ರೆ ನಾನೇ ಅವನನ್ನ ಹುಡುಕಿಕೊಂಡು ಹೋದ ಹಾಗೆ ಆಗುತ್ತೆ ಕಣಯ್ಯಾ. ಇದು ಹಾಗಲ್ಲ. ನಾನು ನನ್ನ ಪಾಡಿಗೆ ಗಿಟಾರ್ ಬಾರಿಸ್ತಿದ್ದೆ, ಅವನಾಗೇ ಬರ್ತಿದ್ದ. ನಾನೇನು ಓಡಿಸ್ಲಾ? ನೆಗಡಿ ಆದ್ರೂ ಗೊತ್ತಾಗ್ತಿತ್ತು. ಜುಲೈನಲ್ಲಿ ಒಂದು ವಾರ ಕೆಮ್ಮಿದ, ಹಸುವಿನ ಬಣ್ಣ ಹೇಳೋಕೂ ಆಗದಷ್ಟು. ಆಮೇಲೆ ನೀನು ರಿಪೇರಿ ಮಾಡಿದೆ. ಕೆಮ್ಮು ಹೋಯ್ತೋ ಇಲ್ವೋ, ನಂಗೇನು ಗೊತ್ತು ಈಗ?"

ಮೇಲಿನ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲ ಹವ್ಯಾಸಿ ಸದಸ್ಯರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. "ಹೇಗೂ ಬಿಚ್ಚಿದ್ದಾಯ್ತಲ್ಲ" ಎಂಬ ವಾಕ್ಯವನ್ನು ಕೋಣೆಯೊಳಗೆ ಉಚ್ಚರಿಸುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಮನಸ್ಸಿನಲ್ಲಿ ಅಂದುಕೊಂಡವರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗಿ, ಆ ಭಾವನೆ ಶಮನವಾದ ನಂತರ ಒಳಬರತಕ್ಕದ್ದು.

2. ಪ್ರತಿಯೊಂದು ದೋಷವನ್ನು ತೆಗೆಯುವ ಮುನ್ನ, ಅದು ತಮಗೆ ಬೇಕೇ ಎಂದು ಮಾಲೀಕರನ್ನು ಕೇಳತಕ್ಕದ್ದು. ಇದಕ್ಕಾಗಿ ನಮೂನೆ-4 ನಿಗದಿಪಡಿಸಲಾಗಿದೆ. ಅದರಲ್ಲಿ "ಹೋದರೆ ಹೋಗಲಿ", "ಇದ್ದರೆ ಇರಲಿ", "ಇದು ಹೋದರೆ ನಾನು ಇದನ್ನು ನುಡಿಸುವುದಿಲ್ಲ" ಎಂಬ ಮೂರು ಅಂಕಣಗಳಿರುತ್ತವೆ. ನಾಲ್ಕನೆಯ ಅಂಕಣವನ್ನು ಖಾಲಿ ಬಿಡಲಾಗಿದೆ. ಅಲ್ಲಿ ಏನು ಬರೆಯಬೇಕೆಂದು ಗೊತ್ತಿರುವವರು ಸಾಮಾನ್ಯವಾಗಿ ಬರೆಯುವುದಿಲ್ಲ ಎಂಬುದು ವಿಭಾಗದ ಅನುಭವ.

3. ಶ್ರೀ ಎಚೆಗರಾಯ್ ಅವರು ತಾವು ಮಾಡಿದ ಸುಧಾರಣೆಗಳನ್ನು ಖುದ್ದಾಗಿ ತೆಗೆಯತಕ್ಕದ್ದೆಂದು ಆಗಸ್ಟ್ 9ರಂದು ಆದೇಶಿಸಲಾಗಿತ್ತು. ಕೆಪಾಸಿಟರ್ ಮತ್ತು ತಾಮ್ರದ ಹಾಳೆಯನ್ನು ತೆಗೆಯಲಾಗಿದೆ. ತೆಗೆಯುವಾಗ ಅವರು ನಾಲ್ಕು ಬಾರಿ ನಿಟ್ಟುಸಿರು ಬಿಟ್ಟಿದ್ದು, ಇನ್ನು ಮುಂದೆ ಎರಡಕ್ಕೆ ಮಿತಿಗೊಳಿಸಲಾಗಿದೆ. ಆದರೂ ರೇಡಿಯೊ ಬರಲಿಲ್ಲ. ಅದನ್ನು ಹಿಡಿಯುತ್ತಿದ್ದುದು ಅರೆಬೆಂದ ಬೆಸುಗೆಯೇ ಎಂದು ಹದಿನೇಳು ಸದಸ್ಯರೂ, ತಮ್ಮ ಗುಂಪು ಸ್ಥಾಪನೆಯಾದಂದಿನಿಂದ ಮೊದಲ ಬಾರಿಗೆ, ಒಮ್ಮತಕ್ಕೆ ಬಂದಿರುತ್ತಾರೆ.

4. ಆದುದರಿಂದ ಸದಸ್ಯರು ಪ್ರತಿ ಶನಿವಾರ ಇಪ್ಪತ್ತು ನಿಮಿಷ ಕೆಟ್ಟ ಬೆಸುಗೆಯನ್ನು ಅಭ್ಯಾಸ ಮಾಡತಕ್ಕದ್ದು. ಬೇಕೆಂದೇ ಕೆಡಿಸಲು ಹೊರಟಾಗ ಎಲ್ಲರ ಕೈಯೂ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿರುವುದನ್ನು ವಿಭಾಗ ವಿಷಾದದಿಂದ ಗಮನಿಸಿದೆ. ಮೂರು ವರ್ಷಗಳಿಂದ ಕೆಟ್ಟ ಬೆಸುಗೆಗೆ ಹೆಸರಾಗಿರುವ ಶ್ರೀ ದಾರ್ವಿನ್ ಬೆಂತಾಂಕೊರ್, ಮನೆ ಸಂಖ್ಯೆ 20, ಇವರನ್ನು ವಿಶೇಷ ತಜ್ಞರೆಂದು ನೇಮಿಸಲಾಗಿತ್ತು. ನೇಮಕಾತಿ ಆದೇಶ ಕೈಗೆ ಬಂದ ದಿನವೇ ಅವರ ಬೆಸುಗೆ ಕನ್ನಡಿಯಂತೆ ಹೊಳೆಯಿತು. ಶ್ರೀ ಎಚೆಗರಾಯ್: "ಅಯ್ಯೋ ದಾರ್ವಿನ್, ಮೂರು ವರ್ಷ ನಮ್ಮ ಪೆಡಲೆಲ್ಲ ಕುಲಗೆಡಿಸಿದೆ, ಬೇಕಾದಾಗ ಕೈಕೊಟ್ಟೆಯಲ್ಲೋ ಮಾರಾಯಾ!" ಶ್ರೀ ಬೆಂತಾಂಕೊರ್: "ಎಲ್ಲರೂ ಹಿಂಗೆ ನೋಡ್ತಾ ನಿಂತ್ರೆ ಯಾರಿಗೆ ತಪ್ಪು ಮಾಡೋಕಾಗುತ್ತೆ? ಆ ಕಡೆ ತಿರುಗ್ರಪ್ಪ!" ಸದಸ್ಯರು ಆ ಕಡೆ ತಿರುಗಿದರು. ಬೆಸುಗೆ ಮತ್ತೂ ಚೆನ್ನಾಗಿ ಬಂತು. ನೇಮಕಾತಿಯನ್ನು ರದ್ದುಪಡಿಸಿ, ಅವರ ಪ್ರಗತಿಯನ್ನು ಅಭಿನಂದಿಸಲಾಗಿದೆ.

5. ಪ್ರಯೋಗಗಳ ವೇಳೆ ಅಪ್ಪಿತಪ್ಪಿ ಕೆಟ್ಟ ಒಂದೆರಡು ಬೆಸುಗೆಗಳಿಂದಾಗಿ ಪೆಡಲಿನಲ್ಲಿ ಕೇಳಿಬಂದ, ಬೇರೆ ಸ್ಟೇಷನ್ನುಗಳ ಒಬ್ಬ ಪಾದ್ರಿ, ಒಂದು ಫುಟ್‌ಬಾಲ್ ಪಂದ್ಯ ಹಾಗೂ ನದಿಯ ಆಚೆ ದಡದ ಸೋಯಾ ಧಾರಣೆ ಇವುಗಳನ್ನು ಅನಧಿಕೃತವೆಂದು ಘೋಷಿಸಲಾಗಿದೆ. ಪಂದ್ಯ ಮುಗಿಯುವವರೆಗೆ ಆ ಬೆಸುಗೆಯನ್ನು ಬಿಡಿಸದಿದ್ದ ಐವರು ಸದಸ್ಯರಿಗೆ ಎಚ್ಚರಿಕೆ ನೀಡಲಾಗಿದೆ.

6. ಸಂಜೆ ಐದರಿಂದ ಐದೂ ಇಪ್ಪತ್ತರವರೆಗೆ ಕೋಣೆಯಲ್ಲಿ ಯಾರೂ ಗಿಟಾರ್ ನುಡಿಸತಕ್ಕದ್ದಲ್ಲ. ಪೆಡಲನ್ನು ಪರೀಕ್ಷಿಸಲು ಎಲ್ಲರೂ ನುಡಿಸುವ ಅದೇ ಆರು ಸ್ವರಗಳಿಗೂ ಇದು ಅನ್ವಯಿಸುತ್ತದೆ. ಆಗಸ್ಟ್ 30ರಂದು ಹದಿನೇಳು ಮಂದಿ ಗಿಟಾರ್ ಮಡಿಲಲ್ಲಿಟ್ಟುಕೊಂಡು ಇಪ್ಪತ್ತು ನಿಮಿಷ ಆ ತಗಡಿನ ಡಬ್ಬಿಯನ್ನೇ ನೋಡುತ್ತ ಕೂತಿದ್ದರು. ಅದರಿಂದ ಏನೂ ಬರಲಿಲ್ಲ. ದುರಸ್ತಿಯಾದ ವಸ್ತುವಿನ ಮೌನಕ್ಕೂ ಕೆಟ್ಟ ವಸ್ತುವಿನ ಮೌನಕ್ಕೂ ವ್ಯತ್ಯಾಸವಿದೆಯೇ ಎಂಬ ಬಗ್ಗೆ ಈ ಸುತ್ತೋಲೆಯ ಕರಡು ಬರೆಯುವವರು ಸಲ್ಲಿಸಿದ ಟಿಪ್ಪಣಿಯನ್ನು, ಕಚೇರಿಗೆ ಸಂಬಂಧಿಸಿದ್ದಲ್ಲವೆಂದು, ಹಿಂದಿರುಗಿಸಲಾಗಿದೆ.

7. ಮನೆ ಸಂಖ್ಯೆ 31ರ ಬಾಗಿಲ ಬಳಿ ಅನಾಮಧೇಯವಾಗಿ ಇಟ್ಟುಹೋದ ಮೂರು ರೇಡಿಯೊಗಳನ್ನು, ಮೊದಲೇ ಸ್ಟೇಷನ್ನು ಹೊಂದಿಸಿಟ್ಟಿದ್ದ ಒಂದನ್ನೂ ಸೇರಿಸಿ, ವಾರಸುದಾರರು ಒಯ್ಯತಕ್ಕದ್ದು. ಸದರಿ ಮನೆಯ ಕಿಟಕಿಯ ಕೆಳಗೆ ಕಾರು ನಿಲ್ಲಿಸಿ, ಗಾಜು ಇಳಿಸಿ, ರೇಡಿಯೊ ಜೋರಾಗಿ ಹಾಕುವುದನ್ನೂ ನಿಷೇಧಿಸಲಾಗಿದೆ. ಶ್ರೀಮತಿ ಪಿರಿಸ್ ಅವರು ಕಿವಿಗೆ ಹತ್ತಿ ಇಟ್ಟುಕೊಂಡಿರುವುದು ವರದಿಯಾಗಿದೆ.

8. ವಿಭಾಗವು ಕಳೆದ ಗುರುವಾರ ತನ್ನ ಅಧಿಕೃತ ರೇಡಿಯೊದಲ್ಲಿ ಸದರಿ ಪ್ರಕಟಣೆಗಳನ್ನು ಆಲಿಸಿದೆ. ಕೆಮ್ಮಿನ ಬಗ್ಗೆ ಹೇಳಿಕೆ ನೀಡಲು ವಿಭಾಗಕ್ಕೆ ಅಧಿಕಾರವಿಲ್ಲ. ಆದಾಗ್ಯೂ, ಒಂದು ಕಂದು ಹಸುವಿನ ವಿವರವನ್ನು ಎಲ್ಲಿಯೂ ನಿಲ್ಲಿಸದೆ ಕೊನೆಯವರೆಗೆ ಓದಲಾಯಿತೆಂದು ಪ್ರಕಟಿಸಲು ಅಡ್ಡಿಯಿಲ್ಲ.

9. ಒಂದು ತಪ್ಪನ್ನು ಅದೇ ರೀತಿ ಮತ್ತೆ ಮಾಡಲು, ಅದನ್ನು ಮೊದಲು ಮಾಡಿದವರಿಗೆ ಮಾತ್ರ ಸಾಧ್ಯ ಎಂಬ ತೀರ್ಮಾನಕ್ಕೆ ಬರಲಾಗಿದೆ. ಹಾಗಾಗಿ ಪೆಡಲಿನ ಮೂಲ ತಯಾರಕರನ್ನು ಬರಮಾಡಿಕೊಳ್ಳಲು ಪ್ರಸ್ತಾಪಿಸಿ, ಮಾಲೀಕರ ಅಭಿಪ್ರಾಯ ಕೋರಲಾಯಿತು. ಅವರ ಹೇಳಿಕೆ: "ನಾನಂತೂ ಕರೆಯಲ್ಲ. ನೀವು ಕರೆದ್ರೆ ಅದು ನಿಮ್ಮ ಕಚೇರಿ ವ್ಯವಹಾರ, ನಂಗೆ ಸಂಬಂಧ ಇಲ್ಲ. ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ಅಲ್ಲಿಂದ ಒಂದು ಬಸ್ಸಿದೆ, ಅದು ಸುತ್ತಿಕೊಂಡು ಬರುತ್ತೆ. ಹನ್ನೊಂದೂವರೆದು ನೇರ. ಕಂಡಕ್ಟರ್ ಆಗಿ ಹೇಳ್ತಿದೀನಿ, ಅಕ್ಕ ಆಗಿ ಅಲ್ಲ. ಬರ್ಕೊಂಡ್ರಾ?" ಬರೆದುಕೊಳ್ಳಲಾಗಿದೆ. ಇದನ್ನು ನಿರಾಕ್ಷೇಪಣಾ ಪತ್ರವೆಂದು ಪರಿಗಣಿಸಲಾಗಿದೆ. ಶ್ರೀ ನೆರಿ ಪಿರಿಸ್ ಅವರು ಬಂದು ಬೆಸೆಯುವಾಗ ಯಾವ ಸದಸ್ಯರೂ ಸಲಹೆ ನೀಡತಕ್ಕದ್ದಲ್ಲ. ಕೆಲಸ ಮುಗಿದ ನಂತರ ಕೋಣೆಯನ್ನು ಅಕ್ಕ ತಮ್ಮ ಇಬ್ಬರಿಗೆ ಬಿಟ್ಟುಕೊಟ್ಟು ಹದಿನೇಳು ಮಂದಿಯೂ ಹೊರಗೆ ಹೋಗತಕ್ಕದ್ದು. ಮಳೆಯಿದ್ದರೂ ಇದರಿಂದ ವಿನಾಯಿತಿ ಇರುವುದಿಲ್ಲ.

(ಸಹಿ)
ಕಾರ್ಯದರ್ಶಿ
ಸಾಮಾನ್ಯ ಕೊಠಡಿಗಳ ವಿಭಾಗ

ಪ್ರತಿಗಳು:
1) ಸೂಚನಾ ಫಲಕ, ಹಳೆಯ ಬಟ್ಟೆ ಒಗೆಯುವ ಕೋಣೆ.
2) ಶ್ರೀ ವಿಲ್ಮಾರ್ ಎಚೆಗರಾಯ್. ಕಂಡಿಕೆ 1ನ್ನು ಗೋಡೆಗೆ ಅಂಟಿಸಿಕೊಳ್ಳುವ ಸಲುವಾಗಿ ದೊಡ್ಡ ಅಕ್ಷರದಲ್ಲಿ.
3) ಶ್ರೀ ದಾರ್ವಿನ್ ಬೆಂತಾಂಕೊರ್. ಅಭಿನಂದನೆಯ ಭಾಗ ಮಾತ್ರ, ಅವರ ತಾಯಿಗೆ ತೋರಿಸಲು.
4) ಮನೆ ಸಂಖ್ಯೆ 31. ಪ್ರತಿ ಬೇಡವೆಂದು ತಿಳಿಸಿರುತ್ತಾರೆ.
5) ಶ್ರೀ ನೆರಿ ಪಿರಿಸ್, ಸರಾಂದಿ ಗ್ರಾಂದೆ. ಇವರ ವಿಳಾಸ ವಿಭಾಗದಲ್ಲಿ ಲಭ್ಯವಿಲ್ಲದ ಕಾರಣ ಲಕೋಟೆಯ ಮೇಲಿನ ಕೈಬರಹ ವಿಭಾಗದ್ದಲ್ಲ. ಅದು ಯಾರದ್ದೆಂದು ಸ್ವೀಕರಿಸುವವರಿಗೆ ಚಿಕ್ಕಂದಿನಿಂದಲೇ ತಿಳಿದಿರುವುದರಿಂದ, ಪ್ರತ್ಯೇಕ ಪತ್ರ ಲಗತ್ತಿಸಿಲ್ಲ.