ಯಮಾರ್ ಎಂಬ ಸ್ಪ್ಯಾನಿಷ್ ಕ್ರಿಯಾಪದದ ಸನ್ನಿಧಿಗೆ ಮೋರಿಕಟ್ಟೆಯಿಂದ ಒಂದು ದೂರು

ಮಾನ್ಯರೇ,

ಸ್ಪೇನ್ ದೇಶದಲ್ಲಿ ಕರೆಯುವುದು, ಕೂಗುವುದು, ಫೋನು ಮಾಡುವುದು ಮುಂತಾದ ಭಾರವನ್ನೆಲ್ಲ ಒಬ್ಬರೇ ಹೊತ್ತು ನಿಂತಿರುವ ಯಮಾರ್ ಎಂಬ ಕ್ರಿಯಾಪದವಾದ ತಮಗೆ, ಸಿದ್ದಾಪುರ ತಾಲೂಕು ದೊಡ್ಮನೆ ಕಡೆಯ ನಿವೃತ್ತ ಟೆಲಿಫೋನ್ ಆಪರೇಟರ್ ದೇವಕಿಯ ಅನಂತ ನಮಸ್ಕಾರಗಳು. ತಾವೂ ತಮ್ಮ ಸಮಸ್ತ ಕಾಲ, ಪುರುಷ, ವಚನಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಎರಡು ವಾರ ಕ್ಷೇಮವಾಗಿರಲಿಲ್ಲ, ಅದಕ್ಕೆ ಕಾರಣ ತಾವು.

ಟ್ರಂಕ್ ಕಾಲ್ ಕಾಲದಿಂದ ಊರವರ ಹುಟ್ಟು, ಸಾವು, ಹೆಣ್ಣು ನೋಡುವ ಶಾಸ್ತ್ರ ಎಲ್ಲವನ್ನೂ ತಂತಿಗೆ ತಂತಿ ಜೋಡಿಸಿ ಮಾತಾಡಿಸಿದವಳು ನಾನು. ಆಗೆಲ್ಲ ತಮ್ಮ ನೆರವು ಬೇಕಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಪಿಲಾರ್ ಎಂಬವರು ನಮ್ಮ ಚುಚ್ಚದ ಪುಟ್ಟ ಮಿಸರಿ ಜೇನು ನೋಡಲು ಸ್ಪೇನಿನಿಂದ ಬಂದು ಮೂರು ವಾರ ನಮ್ಮಲ್ಲಿ ಉಳಿದರು. ಅವರೂ ಜೇನು ಸಾಕುವವರು, ನನ್ನದೇ ವಯಸ್ಸು. ಅವರ ಭಾಷೆ ನನಗೆ ಬರುವುದಿಲ್ಲ, ನನ್ನದು ಅವರಿಗೆ ಬರುವುದಿಲ್ಲ, ಆದರೂ ನಾವಿಬ್ಬರೂ ಅಡುಗೆಮನೆಯಲ್ಲಿ ಇಡೀ ದಿನ ಹರಟೆ ಹೊಡೆಯುತ್ತಿದ್ದೆವು. ಈ ತಿಂಗಳ ಆರಂಭದಲ್ಲಿ, ಮಗಳು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಅವರ ಸಂದೇಶ ಬಂತು: ಎರಡು ವಾರ ಕಳೆದು ಬರುವ ಗುರುವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆಗೆ, ಹೃದಯದ ಆಪರೇಶನ್. ಕೊನೆಯಲ್ಲಿ ಅವರ ಭಾಷೆಯಲ್ಲೇ ತಮ್ಮದೊಂದು ರೂಪ: ಯಾಮಮೆ, ನನಗೆ ಫೋನು ಮಾಡು. ಓದಿ ನನಗೆ ಅಳು ಬಂತು.

ಅವರು ಒಳಗೆ ಹೋಗುವ ಮೊದಲು ಅವರದೇ ಭಾಷೆಯಲ್ಲಿ ನಾಲ್ಕು ಮಾತಾಡಬೇಕೆಂದು ಹಟ ಹಿಡಿದೆ. ನಮ್ಮ ಮೈದುನನ ಸೊಸೆ ಅನುಶ್ರೀ ಫೋನಿನಲ್ಲಿ ಭಾಷೆ ಕಲಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಆಗ ತಮ್ಮ ವಿಶ್ವರೂಪ ದರ್ಶನವಾಯಿತು. ನಾನು ಕರೆಯುತ್ತೇನೆ, ನೀನು ಕರೆದಿದ್ದೆ, ಅವರು ಕರೆದಿದ್ದರೆ ನಾವು ಕರೆಯುತ್ತಿದ್ದೆವು, ಅವನು ಕರೆಯಲಿ ಎಂದು ಅವಳು ಬಯಸುತ್ತಿದ್ದಳು! ಎಕ್ಸ್‌ಚೇಂಜಿನಲ್ಲಿ ನಮಗಿದ್ದದ್ದು ಎರಡೇ: ಲೈನು ಸಿಕ್ಕಿತು, ಲೈನು ಸಿಗಲಿಲ್ಲ. ಅಷ್ಟರಲ್ಲೇ ಮೂರು ತಾಲೂಕು ಸಂಸಾರ ನಡೆಸಿದ್ದವು.

ನಮ್ಮಲ್ಲಿ ರೇಂಜ್ ಸಿಗುವುದು ಬಸ್ಸು ನಿಲ್ಲುವ ಮೋರಿಕಟ್ಟೆಯ ಮೇಲೆ ಮಾತ್ರ ಎಂಬುದು ತಮ್ಮಂಥ ಗಣ್ಯರಿಗೆ ತಿಳಿದಿರಲಾರದು. ಹೀಗಾಗಿ ನನ್ನ ವಿದ್ಯಾಭ್ಯಾಸವೆಲ್ಲ ಸಾರ್ವಜನಿಕವಾಗಿ ನಡೆಯಿತು. 'ಆನೆಯು ಡಾಕ್ಟರಿಗೆ ಫೋನು ಮಾಡುತ್ತದೆ' ಎಂಬ ಉಪಯುಕ್ತ ವಾಕ್ಯವನ್ನು ನಾನು ಮೂವತ್ತು ಸಲ ಒಪ್ಪಿಸುವಷ್ಟರಲ್ಲಿ, ಯಲ್ಲಾಪುರದ ಮಗಳಿಗೆ ಫೋನು ಮಾಡಲು ದಿನವೂ ಅಲ್ಲಿಗೆ ಬರುವ ಮಂಜಿ ನನಗಿಂತ ಮೊದಲೇ ಅದನ್ನು ಬಾಯಿಪಾಠ ಮಾಡಿದಳು. ಹಾವೇರಿ ಕಡೆಯ ಕಂಡಕ್ಟರ್ ಚನ್ನಬಸವ ಮಾತ್ರ ಬಸ್ಸಿನ ಬಾಗಿಲಲ್ಲಿ ನಿಂತು, "ಅಮ್ಮಾರ, ಒಬ್ಬರನ್ನ ಕರಿಯಾಕ ಇಷ್ಟ ತ್ರಾಸ ಐತೇನ್ರಿ? ನಾ ಬರ್ರಿ ಅಂದ್ರ ಬಸ್ಸ ತುಂಬತೈತಿ" ಎಂದು ತಮ್ಮ ಘನತೆಗೆ ಕುಂದು ತಂದನು. ಅವನ ಪರವಾಗಿ ನಾನು ಕ್ಷಮೆ ಕೇಳುವುದಿಲ್ಲ.

ಗುರುವಾರ ಎರಡು ಗಂಟೆಗೆ ಮೋರಿಕಟ್ಟೆಯ ಮೇಲೆ ನಿಂತೆ. ಒಂದು ರಿಂಗ್ ಆಯಿತು, ಕಟ್ ಮಾಡಿದೆ. ನಮ್ಮ ಕಡೆಯ ಪದ್ಧತಿ ತಮಗೆ ಗೊತ್ತಿಲ್ಲ: ಒಂದು ಮಿಸ್ ಕಾಲ್ ಕೊಟ್ಟರೆ ಹಾಲಿನವ ಬರುತ್ತಾನೆ, ಎರಡು ಕೊಟ್ಟರೆ ಆಟೋ ಬರುತ್ತದೆ, ಮೂರು ಕೊಟ್ಟರೆ ನಿಮ್ಮನ್ನು ನೆನೆಸಿಕೊಂಡಿದ್ದೇವೆ, ಬಿಡುವಾದಾಗ ಮಾತಾಡಿ ಎಂದು ಅರ್ಥ. ನಾನು ಮೂರು ಕೊಟ್ಟೆ. ಸ್ಪೇನ್ ದೇಶ ಸುಮ್ಮನಿತ್ತು. ಹತ್ತು ನಿಮಿಷ ಕಾದೆ. ನಿಜ ಹೇಳುವುದಾದರೆ ಪದ್ಧತಿ ಬರೀ ನೆಪ. ಅತ್ತಲಿಂದ ಅವರ ದನಿ ಬಂದರೆ ತಮ್ಮ ಯಾವ ರೂಪವನ್ನು ಎತ್ತಲಿ ಎಂದು ಭಯವಾಗಿತ್ತು. ಊರವರನ್ನೆಲ್ಲ ಮಾತಾಡಿಸಿದ ನಾನು ಫೋನನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡೆ.

ಮಂಜಿ ಗದರಿದಳು: "ಆಪರೇಶನ್ನಿಗೆ ಹೋಗೋರು ಮಿಸ್ ಕಾಲ್ ನೋಡ್ಕಂಡು ಕೂತಿರ್ತಾರಾ ಅಮಾ? ಪೂರ್ತಿ ರಿಂಗ್ ಆಗಕ್ಕೆ ಬಿಡಿ."

ಬಿಟ್ಟೆ. ಪಿಲಾರ್ ಎತ್ತಿದರು. ಆ ಕ್ಷಣದಲ್ಲಿ ತಾವು ಸಕುಟುಂಬ ಪರಾರಿಯಾದಿರಿ. ಒಂದು ರೂಪವೂ ನಾಲಗೆಗೆ ಬರಲಿಲ್ಲ, ಆನೆಯೂ ಬರಲಿಲ್ಲ. ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಆ ಹೆಂಗಸಿಗೆ ನಾನು ಕೇಳಿದ್ದು "ಊಟ ಆತಾ?" ಎಂದು. ಆಕೆ ನಕ್ಕರು, ಆಮೇಲೆ ಅತ್ತರು, ಏನೇನೋ ಹೇಳಿದರು. ನಾನೂ ಅತ್ತೆ, ಏನೇನೋ ಹೇಳಿದೆ. ಕೊನೆಗೆ ಯಾರೋ ಅವರನ್ನು ಕರೆದೊಯ್ಯಲು ಬಂದ ಸದ್ದಾಯಿತು. ಹೆದರಬೇಡ ಎಂಬುದನ್ನು ನಾನು ನಮ್ಮ ಮನೆಮಾತಿನಲ್ಲೇ "ಹೆದರಡ" ಎಂದೆ. ಅವರು ಮಗುವಿನಂತೆ "ಹೆದರಡ" ಎಂದು ತಿರುಗಿ ಹೇಳಿ ಫೋನಿಟ್ಟರು. ಎಚ್ಚರವಾದ ಮೇಲೆ ಅವರು ಮೊದಲು ಆಡಿದ ಮಾತೂ ಅದೇ ಎಂದು, ಅದು ಯಾವ ಔಷಧದ ಹೆಸರೆಂದು ನರ್ಸುಗಳು ಕೇಳುತ್ತಿದ್ದಾರೆಂದು ಅವರ ಮಗಳು ಬರೆದಿದ್ದಾಳೆ.

ಆದ್ದರಿಂದ ಮಾನ್ಯರು ದೊಡ್ಡ ಮನಸ್ಸು ಮಾಡಿ, ತಮ್ಮ ಅಸಂಖ್ಯ ಕಾಲಗಳ ಜೊತೆಗೆ ಮಿಸ್ ಕಾಲ್ ಕಾಲವೊಂದನ್ನೂ ಕೂಡಲೇ ಮಂಜೂರು ಮಾಡಬೇಕಾಗಿಯೂ, ಯಾರಾದರೂ ಹೆದರಿ ಫೋನೆತ್ತಿದಾಗ ಖುದ್ದಾಗಿ ಬಂದು ಪಕ್ಕದಲ್ಲಿ ನಿಲ್ಲಬೇಕಾಗಿಯೂ, ಅದು ಆಗದಿದ್ದರೆ ಮೋರಿಕಟ್ಟೆಯಲ್ಲಿ ಮಂಜಿಯ ಕೈಕೆಳಗೆ ಒಂದು ವಾರ ತರಬೇತಿ ಪಡೆಯಬೇಕಾಗಿಯೂ ಪ್ರಾರ್ಥಿಸುತ್ತೇನೆ.

ಇಷ್ಟೆಲ್ಲ ಆದ ಮೇಲೂ
ತಮ್ಮ ವಿಶ್ವಾಸಿ,
ದೇವಕಿ

ತಾ.ಕ.: ಮೊನ್ನೆ ಪಿಲಾರ್ ಆಸ್ಪತ್ರೆಯಿಂದ ಮನೆಗೆ ಬಂದು ಅವರಾಗಿಯೇ ಫೋನು ಮಾಡಿದ್ದರು. ಅರ್ಧ ತಾಸು ಮಾತಾಡಿದೆವು. ತಾವಿರಲಿಲ್ಲ. ಇಬ್ಬರೂ ತಮ್ಮನ್ನು ವಿಚಾರಿಸಲೂ ಇಲ್ಲ.