ಗ್ರಾಫಿನ ನಾಲ್ಕು ಮೂಲೆಗೆ ಅರಿಶಿನ

ನಮ್ಮ ಮೊಮ್ಮಗಳು ರಮ್ಯಳ ಗ್ರಾಫು ಅಚ್ಚಾಗಿದೆ! ವಿಜ್ಞಾನದ ಪತ್ರಿಕೆಯಲ್ಲಿ, ಅವಳ ಹೆಸರಿನ ಸಮೇತ! ಬೆಳಿಗ್ಗೆ ಅಂಚೆಯಲ್ಲಿ ಬಂತು. ಕೂಡಲೇ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಇಳಿದು ಕಂಡವರಿಗೆಲ್ಲ ತೋರಿಸಿದೆ. ಸೊಪ್ಪಿನವಳು ಗೆರೆ ಏರಿಳಿಯುವುದನ್ನು ನೋಡಿ, ಯಾರಿಗಮ್ಮ ಎದೆನೋವು ಎಂದು ಮೆಲ್ಲಗೆ ಕೇಳಿದಳು.

ಎದೆನೋವಲ್ಲ, ಮೀನಿನ ಉಸಿರು. ಹೊರಮಾವಿನಲ್ಲಿ ನನ್ನ ತವರುಮನೆಯ ಪಕ್ಕದ ಕೆರೆಯಲ್ಲಿ ಮೀನಿಗೆ ಉಸಿರಾಡಲು ಗಾಳಿ ಎಷ್ಟಿದೆ ಎಂದು ಅವಳು ತಿಂಗಳುಗಟ್ಟಲೆ ಅಳೆದಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಈ ಗ್ರಾಫಿಗೆ ನನ್ನ ಸೇವೆಯೂ ಸಂದಿದೆ. ಅದನ್ನೇ ಹೇಳಬೇಕು.

ಪತ್ರಿಕೆಯವರು ಗ್ರಾಫುಗಳನ್ನು ಒಮ್ಮೆ ವಾಪಸ್ಸು ಕಳಿಸಿದ್ದರು. ಅಕ್ಷರ ಇಷ್ಟೇ ದೊಡ್ಡದಿರಬೇಕು, ಗೆರೆ ಇಷ್ಟೇ ದಪ್ಪ, ಅಗಲ ಒಂದು ಕಾಲಮ್ಮಿನಷ್ಟು, ಬಣ್ಣ ಮಾತ್ರ ಕೂಡದು. ಗಂಡಿನ ಕಡೆಯವರೂ ಇಷ್ಟು ಷರತ್ತು ಹಾಕುವುದಿಲ್ಲ. ರಮ್ಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಹಾಕಿಕೊಂಡಳು. ಒಮ್ಮೆ ನಿಯಮ ಹೇಳಿಕೊಟ್ಟರೆ ಸಾಕು, ಮದುವೆಮನೆಯ ದರ್ಜಿ ಒಂದೇ ಅಳತೆಗೆ ಎಲ್ಲರ ರವಿಕೆ ಹೊಲಿದ ಹಾಗೆ ಅದು ಎಲ್ಲ ಗ್ರಾಫನ್ನೂ ತಾನೇ ಸರಿ ಮಾಡುತ್ತದಂತೆ.

ಪ್ರಿಂಟು ತೆಗೆದು ಮೇಜಿನ ಮೇಲಿಟ್ಟು, ಜೊತೆಗಿಡುವ ಪತ್ರಕ್ಕೆ ಗೈಡ್ ಮೇಷ್ಟರ ಸಹಿ ತರಲು ಹೊರಟವಳು ಬಾಗಿಲಲ್ಲಿ ತಿರುಗಿ ಹೇಳಿದಳು: "ಅಜ್ಜಿ, ಸಂಜೆ ಕೊರಿಯರ್‌ಗೆ ಹಾಕ್ಲೇಬೇಕು. ಇವತ್ತು ತಪ್ಪಿದ್ರೆ ತಗೊಳಲ್ವಂತೆ. ಸ್ವಲ್ಪ ನೋಡ್ಕೋ."

ನೋಡಿಕೋ ಎಂದಳಲ್ಲ, ನೋಡಿದೆ. ಬರೀ ಬಿಳಿ ಹಾಳೆ, ಅದರ ಮೇಲೆ ಕಪ್ಪು ಗೆರೆ. ನಮ್ಮ ಮನೆಯಿಂದ ಶುಭಕಾರ್ಯಕ್ಕೆ ಹೋಗುವ ಯಾವ ಕಾಗದವೂ ಹೀಗೆ ಬೋಳಾಗಿ ಹೋದದ್ದಿಲ್ಲ. ಲಗ್ನಪತ್ರಿಕೆ, ಮನೆ ಪ್ಲಾನು, ಪರೀಕ್ಷೆಯ ಹಾಲ್ ಟಿಕೆಟ್ಟು, ಎಲ್ಲದಕ್ಕೂ ಮೂಲೆಗೆ ಅರಿಶಿನ ಹಚ್ಚಿದ ಕೈ ಇದು! ಒಂದು ಹಾಳೆಯನ್ನೂ ಬಿಡದೆ, ನಾಲ್ಕೂ ಮೂಲೆಗೆ ಶ್ರದ್ಧಾಭಕ್ತಿಯಿಂದ ಹಚ್ಚಿದೆ.

ಯಜಮಾನರು ಕಾಫಿ ಲೋಟ ಹಿಡಿದು ಬಂದು ನೋಡಿದರು.

"ಬಣ್ಣ ಕೂಡದು ಅಂದಿದ್ಲಲ್ಲೇ."

"ಇದು ಬಣ್ಣ ಅಲ್ಲ ರೀ, ಅರಿಶಿನ."

"ಪತ್ರಿಕೆಯೋರಿಗೆ ಹಂಗಂತ ನೀನೇ ಹೇಳು."

ಆಗ ನನ್ನ ಎದೆಯ ಗ್ರಾಫು ಏರಿತು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಅರಿಶಿನ ಹೋಗಲಿಲ್ಲ, ಇಂಕು ಹೋಯಿತು. ಕೆರೆ ಕೋಡಿ ಹರಿದು ಮೀನಿನ ಉಸಿರೆಲ್ಲ ಹಾಳೆಯ ಕೆಳಗೆ ಬಂದು ನಿಂತಿತು. ಒಣಗಲಿ ಎಂದು ಇಸ್ತ್ರಿ ಹಾಕಿದೆ. ಹಾಳೆ ಹಪ್ಪಳವಾಯಿತು.

ಮೇಜಿನ ಮೇಲೆ ಗ್ರಾಫು ತುಂಬಿಟ್ಟ ಅವಳ ಫ್ಲಾಪಿ ಇತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾದಿಕ್ ಭಾಯಿಯ ಅಂಗಡಿಗೆ ಓಡಿದೆ. ಅವರದು ಮದುವೆ ಆಲ್ಬಂ ಮಾಡುವ ಅಂಗಡಿ, ಕಂಪ್ಯೂಟರು ಇರುವುದೇ ಅದಕ್ಕೆ. ಚೆನ್ನಾಗಿ ಬರಬೇಕು ಭಾಯಿ, ಮೊಮ್ಮಗಳ ಜೀವನದ ಪ್ರಶ್ನೆ ಎಂದೆ. ಅಲ್ಲಿಯೇ ಕೆಟ್ಟಿತು. ಅವರು ಒಂದು ಗುಂಡಿ ಒತ್ತಿ, "ಆಟೋಮೆಟಿಕ್ ಐತೆ ಅಮ್ಮಾ, ಅದೇ ಚೆಂದ ಮಾಡ್ಕೊಳ್ತೈತೆ" ಎಂದರು.

ಚೆಂದವೇ ಮಾಡಿತು. ಮೀನಿನ ಉಸಿರು ಹೃದಯದಾಕಾರದ ಚೌಕಟ್ಟಿನೊಳಗೆ ಕೂತಿತು. ಸುತ್ತ ಗುಲಾಬಿ ಹೂವು, ಮೇಲೆ ಜೋಡಿ ಪಾರಿವಾಳ! ಆ ಕ್ಷಣ ನನಗೂ ಇದೇ ವಾಸಿ ಅನಿಸಿಬಿಟ್ಟಿತು.

ಮನೆಗೆ ಬಂದರೆ ರಮ್ಯ ಹಪ್ಪಳಗಳನ್ನು ಹಿಡಿದು ನಿಂತಿದ್ದಳು. ನಾನು ಪಾರಿವಾಳಗಳನ್ನು ಮುಂದಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತು ಒಂದು ಗುಂಡಿ ಒತ್ತಿದಳು. ಪ್ರಿಂಟರು ಗೊರಗುಟ್ಟಿತು. ಒಂದರ ಹಿಂದೊಂದು ಎಲ್ಲ ಗ್ರಾಫೂ ಅದೇ ಅಳತೆಗೆ, ಅದೇ ಕಪ್ಪಿಗೆ ಹೊರಬಂದವು.

"ಇಷ್ಟೇನಾ?" ಎಂದೆ.

"ಇಷ್ಟೇ ಕಣಜ್ಜಿ. ನಿಯಮ ಎಲ್ಲ ಅದರ ತಲೇಲೇ ಇರತ್ತೆ. ನೀನು ಕೈ ಕಟ್ಕೊಂಡು ಕೂತ್ಕೋ."

ಕಟ್ಟಿಕೊಂಡು ಕೂತೆ. ಯಜಮಾನರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಾರಿದರು. ಕೊರಿಯರಿನವನು ಶಟರ್ ಅರ್ಧ ಇಳಿಸಿದ್ದನಂತೆ. ರಮ್ಯ ಬಗ್ಗಿ ಒಳಗೆ ನುಗ್ಗಿ ಕೊಟ್ಟು ಬಂದಳಂತೆ.

ಹಾಗೆ ಹೋದದ್ದು ಇವತ್ತು ಅಚ್ಚಾಗಿ ಬಂದಿದೆ. ಸಂಜೆ ಮಗ, ಸೊಸೆ, ಯಜಮಾನರು, ರಮ್ಯ ಎಲ್ಲರೂ ಒಟ್ಟಿಗೆ ಮುದ್ದೆ, ಬಸ್ಸಾರಿಗೆ ಕೂತೆವು. ನಡುವೆ ರಮ್ಯ ಎದ್ದುಹೋಗಿ ಅರಿಶಿನದ ಬಟ್ಟಲು ತಂದು ನನ್ನ ಮುಂದಿಟ್ಟು, ಪತ್ರಿಕೆ ತೆರೆದಳು.

"ಈಗ ಹಚ್ಚಜ್ಜಿ. ಅಚ್ಚಾಗಿರೋದು, ಅಳಿಸಲ್ಲ."

ನನ್ನ ಕಣ್ಣು ತುಂಬಿತು. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ನಾಲ್ಕೂ ಮೂಲೆಗೆ ಹಚ್ಚಿದೆ. ಸೆರಗಿನ ತುದಿ ಊಟದ ನಡುವೆ ಸಾರಿನ ಬಟ್ಟಲಲ್ಲಿ ಅದ್ದಿತ್ತೆಂದು ತಿಳಿದದ್ದು, ಅದು ಗ್ರಾಫಿನ ನಟ್ಟನಡುವೆ ಹಾದುಹೋದ ಮೇಲೆ.

ಪತ್ರಿಕೆಯನ್ನು ಫ್ರಿಜ್ಜಿನ ಮೇಲಿಟ್ಟರು. ಅರಿಶಿನದ ಬಟ್ಟಲನ್ನೂ. ನನ್ನನ್ನು ಮಾತ್ರ ಮುದ್ದೆಯ ಮುಂದೆ ಕೂರಿಸಿದರು. ಅದು ಯಾವ ಮೂಲೆಯೂ ಇಲ್ಲದ ಪದಾರ್ಥ.