ಶತ್ರು ಕ್ಯಾಪ್ಟನ್ನನ ಕೈಗುಣ

ಪರದೆ ಬಿದ್ದರೆ ನಾಟಕ ಮುಗಿಯಿತು ಅನ್ನುವವರು ನಮ್ಮ ಕಡೆ ಒಮ್ಮೆ ಯುದ್ಧದ ನಾಟಕ ಆಡಿ ನೋಡಬೇಕು. ಹವ್ಯಾಸಿ ತಂಡದಲ್ಲಿ ನಾನು ಬಾಂಬು. ಅಂದರೆ ಪರದೆಯ ಹಿಂದೆ ನಿಂತು ತಗಡು ಬಡಿಯುವವನು. ನಾನು ಬಡಿದು ಮುಗಿಸಿದ ಮೇಲೂ ಏನಾದರೊಂದು ಸಿಡಿಯುತ್ತಲೇ ಇರುತ್ತದೆ.

ಕತ್ತಲೆಯ ಪಾತ್ರ

ಕಲಬುರಗಿಯ ರಂಗಮಂದಿರದಲ್ಲಿ ಸಂಜೆ ಪ್ರಯೋಗ. ವೈರಿ ವಿಮಾನ ಬರುವ ದೃಶ್ಯ. ಸೈರನ್ ಕೂಗಿತು, ನಾನು ತಗಡಿಗೆ ಒಂದು ಬಿಟ್ಟೆ, ಅಷ್ಟರಲ್ಲಿ ಕರೆಂಟು ಹೋಯಿತು. ನಾಟಕದಲ್ಲಿ ಆ ಕತ್ತಲೆ ಇರಲೇ ಇಲ್ಲ.

ಪ್ರೇಕ್ಷಕರು ಮಾತ್ರ ಉಸಿರು ಬಿಗಿಹಿಡಿದು ಕೂತರು. ಯಾರೋ ಮೊಬೈಲ್ ಹೊತ್ತಿಸಿದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬರು ಗದರಿದರು: "ಏ, ಬಂದ್ ಮಾಡ್ರೀ ಅದನ್ನ! ಮ್ಯಾಲಿಂದ ಕಾಣಸ್ತದ!"

ಮೊಬೈಲ್ ಆರಿತು. ಆಮೇಲೆ ಒಂದು ಕೆಮ್ಮೂ ಇಲ್ಲ. ವೈರಿ ವಿಮಾನಕ್ಕೆ ಹೆದರಿ ದೀಪ ಆರಿಸಿದ್ದೆಂದೇ ಜನ ನಂಬಿದ್ದರು. ಕರೆಂಟು ಬಂದಾಗ ಬಿದ್ದ ಚಪ್ಪಾಳೆ ನನ್ನ ತಗಡಿಗೆ ಇವತ್ತಿನವರೆಗೂ ಬಿದ್ದಿಲ್ಲ.

ಗುಂಡು ಹೊಡೆದ ಕೈ

ಅದೇ ನಾಟಕ ಕಮಲಾಪುರಕ್ಕೆ ಹೋಯಿತು. ಶತ್ರು ಕ್ಯಾಪ್ಟನ್ ಆಗುವವರು ಅಲ್ಲಿನ ಒಂದು ದವಾಖಾನೆಯ ಕಂಪೌಂಡರ್. ಊರಿಗೆಲ್ಲ ಸೂಜಿ ಮಾಡುವ, ಅಂದರೆ ಇಂಜೆಕ್ಷನ್ ಕೊಡುವ, ಮೆತ್ತನೆಯ ಮನುಷ್ಯ. ನಾಟಕದ ಕೊನೆಗೆ ನಮ್ಮ ಸೈನಿಕನ ಎದೆಗೆ ಗುಂಡು ಹೊಡೆದು, ಅವನು ಅವ್ವನಿಗೆ ಬರೆದ ಪತ್ರವನ್ನು ಜೇಬಿನಿಂದ ತೆಗೆದು ನಗುತ್ತಾರೆ. ಎಷ್ಟು ಸಲ ಕೇಳಿದರೂ ಆ ನಗುವಿಗೆ ನಾನು ತಗಡು ಬಡಿಯುವುದನ್ನೇ ಮರೆಯುತ್ತೇನೆ.

ನಾಟಕ ನೋಡಿದ್ದ ಒಬ್ಬ ಮುದುಕಿ ಮರುದಿನ ಕೀಲುನೋವಿನ ಸೂಜಿಗೆ ಬಂದವಳು, ಇವರನ್ನು ಕಂಡು ಹಿಂದೆ ಸರಿದಳು.

"ಒಲ್ಲೆ. ನಿನ್ನ ಕೈಲೆ ಒಲ್ಲೆ."

"ಆಯಿ, ಅದು ನಾಟಕ."

"ನಾಟಕ ಅಂತ ನನಗೂ ಗೊತ್ತದ. ಆ ನಗು ನಿಂದೇ ಅಲ್ಲೇನು?"

ಸಾಲಿನಲ್ಲಿದ್ದವರೆಲ್ಲ ಅವಳ ಹಿಂದೆಯೇ ಎದ್ದು ಹೋದರು. ಮೂರು ದಿನ ಇದೇ ಕಥೆ. ಡಾಕ್ಟರು ಕಂಪೌಂಡರನ್ನು ಕರೆದು ಹೇಳಿದರು: "ಸೋಮವಾರತನಕ ನೋಡ್ತೀನಿ. ಮಂದಿ ನಿನ್ನ ಕೈಲೆ ಸೂಜಿ ಮಾಡಿಸ್ಕೊಳ್ಳಲಿಲ್ಲಂದ್ರ ಬ್ಯಾರೆ ಕೆಲಸ ಹುಡಿಕ್ಕೊ. ಸಿಟ್ಟಾಗಬ್ಯಾಡ, ನಾಟಕ ನಾನೂ ನೋಡೀನಿ. ನೀ ಎದುರಿಗೆ ಬಂದ್ರ ನನ್ನ ಬಿ.ಪಿ.ನೂ ಏರಾಕತ್ತದ."

ಸತ್ತವರು ಬಂದರು

ಇಬ್ಬರು ಮಕ್ಕಳ ತಂದೆ, ಕೆಲಸ ಹೋದರೆ ಗತಿಯೇನು? ಇಷ್ಟು ಚೆನ್ನಾಗಿ ನಟಿಸಿದ್ದೇ ತಪ್ಪಾಯಿತಲ್ಲ ಎಂದು ನಮಗೆ ಸಂಕಟವಾಯಿತು. ಸೋಮವಾರ ಬೆಳಿಗ್ಗೆ ಸತ್ತ ಸೈನಿಕನನ್ನೇ ಕರೆಸಿದೆವು. ಅವರು ಮಹಾಗಾಂವದ ಶಾಲೆಯ ಮಾಸ್ತರು. ಶಾಲೆಗೆ ಹೋಗುವ ಮುಂಚೆ ಬೈಕ್ ಹೊಡೆದುಕೊಂಡು ಬಂದು, ದವಾಖಾನೆಯ ಕಟ್ಟೆಯ ಮೇಲೆ ಡಾಕ್ಟರಿಗಾಗಿ ಕಾಯುತ್ತಿದ್ದ ಅದೇ ಮುದುಕಿಯ ಮುಂದೆ ನಿಂತರು.

"ಶರಣ್ರೀ ಆಯಿ. ನೋಡ್ರಿ, ನಾ ಜೀವಂತ ಇದ್ದೀನಿ."

ಮುದುಕಿ ಎದ್ದು, ಗುಂಡು ಬಿದ್ದ ಜಾಗವನ್ನು ಅಂಗಿಯ ಮೇಲೆಯೇ ಸವರಿ ನೋಡಿದಳು. ಕೆನ್ನೆ ಮುಟ್ಟಿದಳು. ಅವಳ ಕಣ್ಣು ತುಂಬಿ ಬಂತು. ಕಂಪೌಂಡರ್ ಬಾಗಿಲಲ್ಲಿ ಉಗುರು ಕಚ್ಚುತ್ತಾ ನಿಂತಿದ್ದರು.

ಮುದುಕಿ ಅವರ ಕಡೆ ತಿರುಗಿ ತೋಳು ಚಾಚಿದಳು.

"ಸತ್ತವನ್ನ ವಾರದೊಳಗ ಬೈಕ್ ಹೊಡಿಯೂಹಂಗ ಮಾಡೀದಿ ಅಂದ್ರ ನಿನ್ನ ಕೈಗುಣ ಭಾರಿ ಅದ ತಮ್ಮಾ. ನನಗ ಎರಡು ಸೂಜಿ ಮಾಡು!"